ಐದು ಎಣಿಸುವಷ್ಟು ಹೊತ್ತು

ನನ್ನ ಮಗಳಿಗೆ ಆಗ 7 ವರ್ಷ. ಮನೆಯಲ್ಲೇ ಕಲಿಸುತ್ತಿದ್ದೆವು. ಲೆಕ್ಕ, ಚಿತ್ರ, ಕತೆ ಕೇಳೋದು ಎಲ್ಲದಕ್ಕೂ ಮುಂದೆ. ಓದೋಣ ಬಾ ಅಂದರೆ ಮಾತ್ರ ಹೊಟ್ಟೆನೋವು ಬರುತ್ತಿತ್ತು. ನೆಪ ಅಂದುಕೊಂಡಿದ್ದೆ. ಪುಸ್ತಕ ತೆರೆದ ಕೂಡಲೇ ಅವಳ ಭುಜ ಬಿಗಿಯಾಗೋದನ್ನು ಕಂಡ ಮೇಲೆ, ಅದು ಹೆದರಿಕೆ ಅಂತ ಗೊತ್ತಾಯಿತು.

ಮೊದಲು ಕಣ್ಣು, ಕಿವಿ ಡಾಕ್ಟರಿಗೆ ತೋರಿಸಿದೆ. ಎರಡೂ ಸರಿಯಾಗಿದ್ದವು. ಆಮೇಲೆ ಒಂದು ವಾರ ಪಾಠ ಬಿಟ್ಟು, ಅವಳು ಎಲ್ಲೆಲ್ಲಿ ತಡವರಿಸುತ್ತಾಳೆ ಅಂತ ಬರೆದುಕೊಂಡೆ. ಬಿಡಿ ಅಕ್ಷರಗಳು ಬರುತ್ತಿದ್ದವು. ಮ, ಯ, ವ ಹತ್ತಿರ ಹತ್ತಿರ ಬಂದರೆ ಗಲಿಬಿಲಿ. ಒತ್ತಕ್ಷರ ಕಂಡರೆ ನಿಂತೇಬಿಡುತ್ತಿದ್ದಳು, ಅದರಲ್ಲೂ ಅರ್ಕಾವತ್ತು. ‘ಸೂರ್ಯ’ವನ್ನು ‘ಸೂಯರ’ ಅಂತ ಓದುತ್ತಿದ್ದಳು. ಯೋಚಿಸಿದರೆ ಅದರಲ್ಲಿ ನ್ಯಾಯ ಇದೆ ಅಲ್ವಾ? ರಕಾರದ ಸದ್ದು ಮೊದಲು, ಅದರ ಗುರುತು ಮಾತ್ರ ‘ಯ’ ಆದ ಮೇಲೆ. ಕಣ್ಣಿಗೆ ಕಂಡ ಹಾಗೇ ಓದಿದ್ದಳು ಮಗು. “ನೀನು ಸರಿಯಾಗೇ ನೋಡಿದ್ದೀಯ ಪುಟ್ಟಿ. ಈ ಗುರುತು ಹಿಂದೆ ನಿಂತುಕೊಂಡು ಮುಂಚೆ ಮಾತಾಡುತ್ತೆ” ಅಂದೆ. ಆ ದಿನ ಪುಸ್ತಕದ ತುಂಬಾ ಅರ್ಕಾವತ್ತು ಹುಡುಕಿದಳು.

ಬರೆದುಕೊಂಡ ಹಾಳೆಯಲ್ಲಿ ನನ್ನ ತಪ್ಪೂ ಇತ್ತು. ಅವಳು ತಡವರಿಸಿದ ಕೂಡಲೇ ನಾನು ಪದ ಹೇಳಿಬಿಡುತ್ತಿದ್ದೆ. ನಿನ್ನ ಕೈಲಿ ಆಗಲ್ಲ ಅಂತ ಅವಳಿಗೆ ಕೇಳಿಸುತ್ತಿತ್ತೇನೋ. ಓದುವಾಗ ಪುಸ್ತಕಕ್ಕಿಂತ ನನ್ನ ಮುಖವನ್ನೇ ಜಾಸ್ತಿ ನೋಡುತ್ತಿದ್ದಳು. ಅಂದಿನಿಂದ ಎದುರು ಕೂರೋದು ಬಿಟ್ಟು ಪಕ್ಕದಲ್ಲಿ ಕೂತೆ. ಅವಳು ನಿಂತರೆ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಅರ್ಥ ಕೆಡದ ತಪ್ಪನ್ನು ತಿದ್ದಲಿಲ್ಲ. ಕೆಟ್ಟರೆ, ಸಾಲು ಮುಗಿದ ಮೇಲೆ “ಹಾಗಂದ್ರೇನು?” ಅಂತ ಕೇಳುತ್ತಿದ್ದೆ. ಎಷ್ಟೋ ಸಲ ತಾನೇ ಹಿಂದೆ ಹೋಗಿ ಸರಿಮಾಡಿಕೊಂಡಳು.

ಎಲ್ಲಕ್ಕಿಂತ ಕೈಹಿಡಿದದ್ದು ಅವಳದೇ ಕತೆಗಳು. ಅವಳು ಹೇಳುತ್ತಿದ್ದಳು, ನಾನು ದಪ್ಪ ಅಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಟ್ಟು, ಅವಳ ಮಾತನ್ನು ಹಾಗೇ ಬರೆಯುತ್ತಿದ್ದೆ. ಐದಾರು ಸಾಲು ಸಾಕು. ಮುಂದೇನು ಬರುತ್ತೆ ಅಂತ ಗೊತ್ತಿದ್ದರಿಂದ ಹೆದರಿಕೆ ಇರಲಿಲ್ಲ. ಬಾಯಿಪಾಠ ಒಪ್ಪಿಸುತ್ತಿದ್ದಾಳಾ ಅಂತ ಅನುಮಾನ ಬಂದಾಗ ಸಾಲುಗಳನ್ನು ಕತ್ತರಿಸಿ, ಕಲಸಿ ಕೊಟ್ಟೆ. ಜೋಡಿಸಬೇಕಾದರೆ ಓದಲೇಬೇಕು. ಒಂದೇ ಕತೆಯನ್ನು ನಾಲ್ಕು ದಿನ ಓದುತ್ತಿದ್ದಳು. ನಾಲ್ಕನೇ ದಿನ ದನಿಯಲ್ಲಿ ಏರಿಳಿತ ಬರುತ್ತಿತ್ತು, ರಾಕ್ಷಸನಿಗೆ ಬೇರೆ ದನಿ, ಮೊಲಕ್ಕೆ ಬೇರೆ.

ದಿನಕ್ಕೆ 10 ನಿಮಿಷ ಅಷ್ಟೇ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸುತ್ತಿದ್ದೆ. ರಾತ್ರಿ ನಾನು ಓದಿ ಹೇಳುತ್ತಿದ್ದೆ. ಆಗ ಪ್ರಶ್ನೆ ಗಿಶ್ನೆ ಏನೂ ಇಲ್ಲ, ಸುಮ್ನೆ ಕೇಳೋದು.

ಹೀಗೆ ಹೆಚ್ಚುಕಮ್ಮಿ 8 ತಿಂಗಳು ಹಿಡಿಯಿತು. ನಡುವೆ ಎರಡು ವಾರ ಪುಸ್ತಕವನ್ನೇ ಮುಟ್ಟಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯೋದೇ ಕಷ್ಟವಾಗುವ ತೊಂದರೆ, ಇರಬಹುದಾ ಅಂತ ತಜ್ಞರಿಗೆ ತೋರಿಸಲೂ ತಯಾರಾಗಿದ್ದೆ. ನಿಮ್ಮ ಮಗುವಿನಲ್ಲಿ ತಿಂಗಳುಗಟ್ಟಲೆ ಬದಲಾವಣೆ ಕಾಣದಿದ್ದರೆ ದಯವಿಟ್ಟು ತಡಮಾಡಬೇಡಿ.

ಮೊನ್ನೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತಿದ್ದಳು. ಒಂದು ಕಡೆ ನಿಂತಳು. ಹಳೇ ಅಭ್ಯಾಸ, ನಾನು ಬಾಯಿ ತೆರೆದೆ. ತಲೆ ಎತ್ತದೆ, ಬೆರಳನ್ನು ಆ ಪದದ ಮೇಲೇ ಇಟ್ಟುಕೊಂಡು, “ಹೇಳ್ಬೇಡಮ್ಮಾ, ತಾಳು” ಅಂದಳು.