ಮಕ್ಕಳು, ಮನೆ, ದುಡಿಮೆ ಬಿಡದೆ ನರ್ಸ್ ಆಗುವುದು ಹೇಗೆ? ಒಂದೊಂದೇ ಮೆಟ್ಟಿಲಿನ ದಾರಿ

ಇಳಕಲ್, ಗುಳೇದಗುಡ್ಡದ ಮಗ್ಗದ ಮನೆಗಳಿಂದ, ಮುಧೋಳ, ಜಮಖಂಡಿಯ ನರ್ಸಿಂಗ್ ಹೋಮ್‌ಗಳಲ್ಲಿ ಆಯಾ ಕೆಲಸ ಮಾಡುವವರಿಂದ, ಹಳ್ಳಿಯ ಆಶಾ ಕಾರ್ಯಕರ್ತೆಯರಿಂದ ಬರುವ ಮೊದಲ ಪ್ರಶ್ನೆ ಒಂದೇ: ಸಂಜೆ ಕಾಲೇಜಿನಲ್ಲೋ ಅಂಚೆ ಮೂಲಕವೋ ನರ್ಸಿಂಗ್ ಓದಬಹುದೇ? ಓದಲಾಗದು. ಎಎನ್‌ಎಂ (ಸಹಾಯಕ ನರ್ಸ್–ಸೂಲಗಿತ್ತಿ ಕೋರ್ಸು), ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿ ಡಿಪ್ಲೊಮಾ), ಬಿಎಸ್ಸಿ ನರ್ಸಿಂಗ್ ಪದವಿ ಮೂರೂ ಪೂರ್ಣಾವಧಿ ಕೋರ್ಸುಗಳು. ಹಗಲು ತರಗತಿ, ವಾರ್ಡ್ ಡ್ಯೂಟಿ ಎರಡೂ ಕಡ್ಡಾಯ. ‘ಆರು ತಿಂಗಳಲ್ಲಿ ನರ್ಸ್’, ‘ಮನೆಯಲ್ಲೇ ಕುಳಿತು ನರ್ಸಿಂಗ್ ಡಿಪ್ಲೊಮಾ’ ಎಂಬ ಫಲಕ ಕಂಡರೆ ಅಲ್ಲಿ ದುಡ್ಡು ಕಟ್ಟಬೇಡಿ. ಆ ಸರ್ಟಿಫಿಕೇಟಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದವರು ನರ್ಸ್ ಅಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಓದನ್ನು ಎರಡು–ಮೂರು ವರ್ಷದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಕೊನೆಗೂ ನೋಂದಣಿ ಪಡೆದು, ನಡುವೆ ದುಡಿದು, ಮತ್ತೆ ಮುಂದಿನ ಮೆಟ್ಟಿಲು ಹತ್ತಬಹುದು. ಯಾವ ಮೆಟ್ಟಿಲಿನಿಂದ ಶುರು ಮಾಡಬೇಕು ಎಂಬ ಲೆಕ್ಕ ತಪ್ಪಿದರೆ ಮಾತ್ರ ವರ್ಷಗಳೇ ವ್ಯರ್ಥವಾಗುತ್ತವೆ.

ಮೊದಲು ಅಂಕಪಟ್ಟಿ ಮತ್ತು ವಯಸ್ಸು

ದ್ವಿತೀಯ ಪಿಯುಸಿ ಅಂಕಪಟ್ಟಿ ತೆಗೆದು ಎರಡು ಸಂಖ್ಯೆ ನೋಡಿ: ಒಟ್ಟು ಶೇಕಡಾವಾರು ಮತ್ತು ಇಂಗ್ಲಿಷ್ ಅಂಕ. ಜಿಎನ್‌ಎಂ ಮೂರು ವರ್ಷದ್ದು. ಇದಕ್ಕೆ ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗವಾದರೂ ಆದೀತು. ಆದರೆ ಒಟ್ಟಾರೆ ಶೇ 40 ಬೇಕು, ಇಂಗ್ಲಿಷಿನಲ್ಲೂ ಪ್ರತ್ಯೇಕವಾಗಿ ಶೇ 40 ಬೇಕು. ಬಹಳ ಜನ ಎಡವುವುದು ಇಲ್ಲೇ. ಒಟ್ಟು ಶೇ 55 ಇದ್ದು ಇಂಗ್ಲಿಷಿನಲ್ಲಿ 35 ಪಡೆದು ಪಾಸಾದವರು ‘ಪಿಯುಸಿ ಪಾಸಾಗಿದೆಯಲ್ಲ’ ಎಂದುಕೊಂಡು ಅರ್ಜಿ ಹಾಕುತ್ತಾರೆ, ದಾಖಲೆ ಪರಿಶೀಲನೆಯ ದಿನ ವಾಪಸಾಗುತ್ತಾರೆ.

ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಸಾಮಾನ್ಯ ವರ್ಗದವರಿಗೆ ಶೇ 45 ಬೇಕು. 2023ರಿಂದ ಸಿಇಟಿಯನ್ನೂ ಬರೆಯಬೇಕಾಗಿದೆ. ಎರಡು ವರ್ಷದ ಎಎನ್‌ಎಂ ಮಹಿಳೆಯರಿಗೆ ಮಾತ್ರ. ಇಂಗ್ಲಿಷ್ ಒಂದು ವಿಷಯವಾಗಿದ್ದು ಪಿಯುಸಿ ಪಾಸಾಗಿದ್ದರೆ ಸಾಕು.

ಈಗ ವಯಸ್ಸು. ಮೂರೂ ಕೋರ್ಸುಗಳಿಗೆ ಕನಿಷ್ಠ 17, ಗರಿಷ್ಠ 35. ಇದರಲ್ಲೊಂದು ವಿನಾಯಿತಿ ಇದೆ, ಮಕ್ಕಳಿರುವ ತಾಯಂದಿರಿಗೆ ಅದು ಬಹಳ ಮುಖ್ಯ: ನೋಂದಾಯಿತ ಎಎನ್‌ಎಂಗಳು ಜಿಎನ್‌ಎಂ ಸೇರಲು ವಯೋಮಿತಿ ಇಲ್ಲ. ಅವರಿಗೆ ಎಎನ್‌ಎಂನಲ್ಲಿ ಪಾಸಿನ ಅಂಕ ಇದ್ದರೂ ಸಾಕು. ಅಂದರೆ ಪಿಯುಸಿ ಇಂಗ್ಲಿಷಿನಲ್ಲಿ 40 ಬಾರದವರಿಗೂ, 35ರ ಗಡಿ ಹತ್ತಿರ ಬಂದವರಿಗೂ ಎಎನ್‌ಎಂ ಒಂದು ಬಾಗಿಲು. 34ಕ್ಕೆ ಎಎನ್‌ಎಂ ಸೇರಿದವರು 36ಕ್ಕೆ ಮುಗಿಸಿ, ನಾಲ್ಕಾರು ವರ್ಷ ದುಡಿದು, ಮಕ್ಕಳು ಹೈಸ್ಕೂಲು ಮುಟ್ಟಿದ ಮೇಲೆ ಜಿಎನ್‌ಎಂಗೆ ಹೋಗಬಹುದು.

ಆದರೆ ಎಲ್ಲರೂ ಎಎನ್‌ಎಂನಿಂದ ಶುರು ಮಾಡಬೇಕಿಲ್ಲ. ಎಎನ್‌ಎಂ ಮುಗಿಸಿದ್ದೀರೆಂದು ಜಿಎನ್‌ಎಂನಲ್ಲಿ ಒಂದು ವರ್ಷ ಕಡಿಮೆಯಾಗುವುದಿಲ್ಲ, ಪೂರ್ತಿ ಮೂರು ವರ್ಷ ಓದಲೇಬೇಕು. ಆದ್ದರಿಂದ ವಯಸ್ಸು ಮೂವತ್ತರೊಳಗಿದ್ದು, ಅಂಕ ಇದ್ದು, ಮೂರು ವರ್ಷ ಮನೆ ಖರ್ಚು ಹೇಗೋ ನಡೆಯುವಂತಿದ್ದರೆ ನೇರವಾಗಿ ಜಿಎನ್‌ಎಂ ಸೇರುವುದೇ ಒಳ್ಳೆಯದು. ಎರಡೇ ವರ್ಷದಲ್ಲಿ ಸಂಬಳ ಬರಲೇಬೇಕು ಎನ್ನುವವರಿಗೆ, ಉಪಕೇಂದ್ರದ ತಾಯಿ–ಮಗುವಿನ ಕೆಲಸ ಇಷ್ಟಪಡುವವರಿಗೆ ಎಎನ್‌ಎಂ ಸರಿ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರಿದೆ.

ಪಿಯುಸಿಯೇ ಇಲ್ಲದಿದ್ದರೆ ಅದೇ ಮೊದಲ ಮೆಟ್ಟಿಲು. ಖಾಸಗಿ ಅಭ್ಯರ್ಥಿಯಾಗಿ ಕಲಾ ವಿಭಾಗದ ದ್ವಿತೀಯ ಪಿಯು ಪರೀಕ್ಷೆ ಬರೆಯಬಹುದು, ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಒಎಸ್‌ನಿಂದ ಹನ್ನೆರಡನೇ ತರಗತಿ ಮುಗಿಸಬಹುದು. ಎರಡನ್ನೂ ದುಡಿಯುತ್ತಲೇ ಮಾಡಬಹುದು, ಭಾರತೀಯ ಶುಶ್ರೂಷಾ ಪರಿಷತ್ತು ಎನ್‌ಐಒಎಸ್ ಅನ್ನು ಒಪ್ಪುತ್ತದೆ. ಎನ್‌ಐಒಎಸ್‌ನಲ್ಲಿ ಐದು ವಿಷಯಗಳನ್ನು ಒಂದೇ ಸಲ ಬರೆಯಬೇಕಿಲ್ಲ. ನೋಂದಣಿ ಐದು ವರ್ಷ ಊರ್ಜಿತದಲ್ಲಿರುತ್ತದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತದೆ. ಇಂಗ್ಲಿಷ್ (ವಿಷಯ ಸಂಕೇತ 302) ಬಿಡಬೇಡಿ. ಅಲ್ಲಿ ಪಾಸಿಗೆ 33 ಸಾಕಾದರೂ ನಿಮ್ಮ ಗುರಿ 40ಕ್ಕಿಂತ ಮೇಲಿರಲಿ.

ಹೆಸರು, ಅಡ್ಡಹೆಸರು, ದಾಖಲೆ

ಪ್ರವೇಶಕ್ಕೆ ಒಂದು ವರ್ಷ ಮೊದಲೇ ಈ ಕೆಲಸ ಶುರುವಾಗಬೇಕು. ನಮ್ಮ ಕಡೆ ಮದುವೆಯಾದ ಕೂಡಲೇ ಅಡ್ಡಹೆಸರು ಬದಲಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ತವರಿನ ಅಡ್ಡಹೆಸರು. ಆಧಾರಿನಲ್ಲಿ ಗಂಡನ ಹೆಸರು, ಅತ್ತೆಮನೆಯ ಅಡ್ಡಹೆಸರು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯದು. ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷಾ ಮಂಡಳಿ, ಕೊನೆಗೆ ಪರಿಷತ್ತಿನ ನೋಂದಣಿ, ಎಲ್ಲ ಕಡೆಯೂ ಎಸ್ಸೆಸ್ಸೆಲ್ಸಿ ಹೆಸರೇ ಆಧಾರ. ಆದ್ದರಿಂದ ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಎಸ್ಸೆಸ್ಸೆಲ್ಸಿ ಹೆಸರಿಗೆ ಹೊಂದಿಸಿಕೊಳ್ಳುವುದು ಸುಲಭ, ಅಂಕಪಟ್ಟಿ ತಿದ್ದಿಸುವುದು ಕಷ್ಟ. ಇನಿಷಿಯಲ್ ಹಿಂದೆ–ಮುಂದೆ ಆಗಿದ್ದರೂ ಅದನ್ನು ಸಣ್ಣದೆಂದು ಬಿಡಬೇಡಿ.

ಓದು ಬಿಟ್ಟು ಹತ್ತು ವರ್ಷವಾಗಿದ್ದರೆ ಆ ಅವಧಿಯಲ್ಲಿ ಬೇರೆ ಕೋರ್ಸಿಗೆ ಸೇರಿಲ್ಲವೆಂದು ನೋಟರಿ ಮಾಡಿಸಿದ ಪ್ರಮಾಣಪತ್ರ ಕೇಳುತ್ತಾರೆ. ಹಳೆಯ ಕಾಲೇಜಿನಿಂದ ವರ್ಗಾವಣೆ ಪತ್ರ ತರಬೇಕು. ಎನ್‌ಐಒಎಸ್ ಅಥವಾ ಮಹಾರಾಷ್ಟ್ರ ಬೋರ್ಡಿನಲ್ಲಿ ಓದಿದವರು ವಲಸೆ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಬೇಕು. ಅಥಣಿ, ಚಿಕ್ಕೋಡಿ, ನಿಪ್ಪಾಣಿ ಕಡೆಯವರು ಇದನ್ನು ಮರೆತು ಓಡಾಡುವುದೇ ಹೆಚ್ಚು. ಜಾತಿ–ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದರ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ. 371(ಜೆ) ಮೀಸಲಾತಿ ತಮಗೂ ಇದೆಯೆಂದು ವಿಜಯಪುರದವರು ಕೆಲವರು ತಿಳಿದಿದ್ದಾರೆ. ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಅದರಲ್ಲಿಲ್ಲ.

ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಾದ ಎಸ್‌ಎಸ್‌ಪಿಯಲ್ಲಿ ಹಾಕುವುದು. ಹಣ ಮಂಜೂರಾಗಿಯೂ ಬರದಿರುವುದಕ್ಕೆ ಸಾಮಾನ್ಯ ಕಾರಣ, ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಆಧಾರ್ ಮೂಲಕ ಇದೇ ಖಾತೆಗೆ ಬೀಳಬೇಕೆಂಬ ಗುರುತು, ಆಗಿರದಿರುವುದು. ಬ್ಯಾಂಕಿಗೆ ಹೋಗಿ ಈ ಹೆಸರು ಹೇಳಿಯೇ ಕೇಳಿ.

ಇದೇ ಹೊತ್ತಿಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೂರು ಡೋಸ್: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೋರ್ಸಿಗೆ ಸೇರಿದ ಮೇಲೆ ಶುರು ಮಾಡಿದರೆ ಸೂಜಿ ಹಿಡಿಯುವ ಕಾಲಕ್ಕೆ ರಕ್ಷಣೆ ಪೂರ್ತಿ ಬಂದಿರುವುದಿಲ್ಲ.

ಶಾಲೆ ಆರಿಸುವಾಗ

ಬಾಗಲಕೋಟೆಯ ನವನಗರದಲ್ಲಿ ಬಿವಿವಿ ಸಂಘದ ಸಜ್ಜಲಶ್ರೀ, ವಿಜಯಪುರದಲ್ಲಿ ಬಿಎಲ್‌ಡಿಇಎ ಸಂಸ್ಥೆಯ ನರ್ಸಿಂಗ್ ಕಾಲೇಜು, ಬೆಳಗಾವಿಯಲ್ಲಿ ಕೆಎಲ್‌ಇ ಹಾಗೂ ಸರ್ಕಾರಿ ಬಿಮ್ಸ್ ಇವೆ. ತಾಲ್ಲೂಕು ಮಟ್ಟದಲ್ಲೂ ಶಾಲೆಗಳಿವೆ. ಯಾವುದಕ್ಕೇ ಹೋಗಿ, ಮೂರು ಪ್ರಶ್ನೆ ಕೇಳಿ. ಜಿಎನ್‌ಎಂ ಆದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ಇನ್ ನರ್ಸಿಂಗ್ ಪರೀಕ್ಷಾ ಮಂಡಳಿಯ, ಬಿಎಸ್ಸಿ ಆದರೆ ವಿಶ್ವವಿದ್ಯಾಲಯದ ಈ ವರ್ಷದ ಮಾನ್ಯತಾ ಪತ್ರ ಎಲ್ಲಿ? ವಿದ್ಯಾರ್ಥಿಗಳು ಡ್ಯೂಟಿ ಮಾಡುವ ಆಸ್ಪತ್ರೆ ಯಾವುದು? ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಸಮವಸ್ತ್ರ, ವಾಹನ, ಹೊರಗಿನ ಪೋಸ್ಟಿಂಗ್ ಖರ್ಚು ಸೇರಿಸಿ ಒಟ್ಟು ಎಷ್ಟು ಎಂದು ಬರೆದು ಕೊಡುತ್ತೀರಾ?

ಆಸ್ಪತ್ರೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬುದು ಶುಶ್ರೂಷಾ ಪರಿಷತ್ತಿನ ಮಾನದಂಡ. ಹಾಸಿಗೆಗಳೆಲ್ಲ ಖಾಲಿ ಇರುವ ಆಸ್ಪತ್ರೆಯಲ್ಲಿ ಕಲಿತವರಿಗೆ ಕೈ ತಿರುಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋಗಿ ಹೆರಿಗೆ ವಾರ್ಡ್, ಮಕ್ಕಳ ವಾರ್ಡ್ ನಿಮ್ಮ ಕಣ್ಣಿನಿಂದಲೇ ನೋಡಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ವಾಪಸ್ ಪಡೆಯಿರಿ. ಕೊಡಲೇಬೇಕಾದರೆ ಸಹಿ–ಮೊಹರಿನ ರಸೀದಿ ಇರಲಿ.

ದುಡಿಮೆ ಮತ್ತು ಮಕ್ಕಳು

ಕೋರ್ಸಿನ ಅವಧಿಯಲ್ಲಿ ಪೂರ್ಣ ಕೆಲಸ ಸಾಧ್ಯವಿಲ್ಲ, ಇದನ್ನು ಮೊದಲೇ ಒಪ್ಪಿಕೊಂಡರೆ ಒಳ್ಳೆಯದು. ಹಾಜರಾತಿ ಶೇ 80 ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ವಾರ್ಡ್ ಡ್ಯೂಟಿ ಮಾತ್ರ ಕೊನೆಗೆ ಶೇ 100 ತುಂಬಲೇಬೇಕು. ಮಗುವಿಗೆ ಜ್ವರ ಬಂದು ತಪ್ಪಿಸಿದ ದಿನವೂ ಆಮೇಲೆ ಮಾಡಿಕೊಡಬೇಕು. ಹೀಗೆ ಉಳಿದ ಡ್ಯೂಟಿ ಒಟ್ಟುಗೂಡಿ, ಜೊತೆಯವರು ಪ್ರಮಾಣಪತ್ರ ಪಡೆದ ಮೇಲೂ ವಾರ್ಡಿನಲ್ಲೇ ಉಳಿದವರಿದ್ದಾರೆ. ತಪ್ಪಿಸಿದ ಡ್ಯೂಟಿಯನ್ನು ಅದೇ ತಿಂಗಳ ಭಾನುವಾರಗಳಲ್ಲಿ ತೀರಿಸಿಕೊಳ್ಳಲು ಬೋಧಕಿಯರನ್ನು ಕೇಳಿ, ರಿಜಿಸ್ಟರಿನಲ್ಲಿ ಬರೆಸಿ.

ಹೊಲಿಗೆ, ಟ್ಯೂಷನ್, ಮಗ್ಗಕ್ಕೆ ಕಂಡಿಕೆ ಸುತ್ತುವಂಥ ಮನೆಯ ಕೆಲಸ ಉಳಿಸಿಕೊಳ್ಳಬಹುದು. ರಾತ್ರಿ ಪಾಳಿಯಲ್ಲಿ ಆಸ್ಪತ್ರೆಯ ಆಯಾ ಕೆಲಸ ಮಾಡಿ ಬೆಳಿಗ್ಗೆ ವಾರ್ಡಿಗೆ ಬರುವುದು ಬೇಡ. ನಿದ್ದೆಗೆಟ್ಟ ಕೈಯಿಂದ ಔಷಧಿ ತಪ್ಪುತ್ತದೆ. ಕೋರ್ಸಿಗೆ ಮೊದಲು ಒಂದೆರಡು ವರ್ಷ ಉಳಿತಾಯ ಮಾಡಿ, ಕನಿಷ್ಠ ಮೊದಲ ವರ್ಷದ ಶುಲ್ಕ ಮತ್ತು ಆರು ತಿಂಗಳ ಮನೆ ಖರ್ಚು ಕೈಯಲ್ಲಿಟ್ಟುಕೊಂಡು ಸೇರಿ. ಮೊದಲ ವರ್ಷ ಮಧ್ಯದಲ್ಲಿ ಬಿಡುವವರಲ್ಲಿ ಬಹುತೇಕರು ಓದು ಕಷ್ಟವಾಗಿ ಬಿಡುವುದಿಲ್ಲ, ಎರಡನೇ ಕಂತು ಕಟ್ಟಲಾಗದೆ ಬಿಡುತ್ತಾರೆ.

ಬೆಳಗಿನ ಪಾಳಿ ಸಾಮಾನ್ಯವಾಗಿ ಎಂಟಕ್ಕೆ ಶುರು. ಅಂಗನವಾಡಿ ತೆರೆಯುವ ಮೊದಲೇ ನೀವು ವಾರ್ಡಿನಲ್ಲಿರಬೇಕು. ಆ ಎರಡು ಗಂಟೆ ಮಗು ಯಾರ ಹತ್ತಿರ ಎಂಬುದಕ್ಕೆ ಒಂದಲ್ಲ, ಎರಡು ಉತ್ತರ ಬೇಕು: ಅತ್ತೆ ಅಥವಾ ತಾಯಿ ಒಬ್ಬರು, ಅವರಿಗೆ ಹುಷಾರಿಲ್ಲದಾಗ ಇನ್ನೊಬ್ಬರು. ಜಿಎನ್‌ಎಂ ಎರಡನೇ ವರ್ಷದಲ್ಲಿ ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಬೇರೆ ಊರಿಗೆ ಕಳಿಸುವುದುಂಟು, ಕೊನೆಯ ಇಂಟರ್ನ್‌ಶಿಪ್‌ನಲ್ಲಿ ರಾತ್ರಿ ಡ್ಯೂಟಿ ಇರುತ್ತದೆ. ಇದನ್ನು ಮನೆಯವರಿಗೆ ಸೇರುವ ಮೊದಲೇ ಹೇಳಿ. ಶಕ್ತಿ ಯೋಜನೆಯ ಸಾಮಾನ್ಯ, ವೇಗದೂತ ಬಸ್ಸಿನ ಉಚಿತ ಪ್ರಯಾಣ ರಾಜ್ಯದೊಳಗೆ ಮಾತ್ರ. ಮೀರಜ್, ಸಾಂಗ್ಲಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಟಿಕೆಟ್ ತೆಗೆಯಬೇಕು.

ಓದಿನಲ್ಲಿ ತಡೆಯುವುದು ಎರಡು

ಒಂದು ಇಂಗ್ಲಿಷ್. ಜಿಎನ್‌ಎಂ ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರು ವ್ಯಾಕರಣ ಹಿಡಿದು ಕೂರುವುದಕ್ಕಿಂತ ಕೇಸ್‌ಶೀಟಿನ ಭಾಷೆಯಿಂದ ಶುರು ಮಾಡಲಿ. ಓಡಿ ಎಂದರೆ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಬೇಕೆನಿಸಿದಾಗ ಮಾತ್ರ. ಇಲ್ಲೊಂದು ಅಪಾಯ: ಕಣ್ಣಿನ ವಾರ್ಡಿನಲ್ಲಿ ಓಡಿ ಎಂದರೆ ಬಲಗಣ್ಣು. ಸಂದೇಹ ಬಂದರೆ ಬರೆದ ವೈದ್ಯರನ್ನೇ ಕೇಳಬೇಕು.

ಇನ್ನೊಂದು ಲೆಕ್ಕ. ಐದನೇ ತರಗತಿಯ ಗುಣಾಕಾರ, ಭಾಗಾಕಾರವೇ ಸಾಕು, ಆದರೆ ಅದು ತಪ್ಪಬಾರದು. 500 ಎಂಎಲ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಬಾಟಲಿಗೆ ಜೋಡಿಸುವ ನಳಿಕೆಯ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ ಎಂದಿಟ್ಟುಕೊಳ್ಳಿ. 500ನ್ನು 20ರಿಂದ ಗುಣಿಸಿದರೆ 10,000 ಹನಿ. ನಾಲ್ಕು ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸೆಕೆಂಡಿನ ಮುಳ್ಳಿರುವ ಗಡಿಯಾರ ಹಿಡಿದು 15 ಸೆಕೆಂಡಿಗೆ ಹತ್ತು–ಹನ್ನೊಂದು ಹನಿ ಬರುವಂತೆ ಚಕ್ರ ತಿರುಗಿಸಬೇಕು. ಮಕ್ಕಳ ವಾರ್ಡಿನ ಮೈಕ್ರೊ ಸೆಟ್ಟಿನಲ್ಲಿ ಎಂಎಲ್‌ಗೆ 60 ಹನಿ. ಅದಕ್ಕೂ 42ನ್ನೇ ಇಟ್ಟರೆ ನಾಲ್ಕು ಗಂಟೆಯ ಬಾಟಲಿ ಹನ್ನೆರಡು ಗಂಟೆ ನಡೆಯುತ್ತದೆ. ಪೊಟ್ಟಣದ ಮೇಲೆ ಹನಿಯ ಸಂಖ್ಯೆ ಅಚ್ಚಾಗಿರುತ್ತದೆ, ಓದದೆ ಹರಿಯಬೇಡಿ.

ಇನ್ಸುಲಿನ್ ಇನ್ನೂ ಸೂಕ್ಷ್ಮ. ಮಾರುಕಟ್ಟೆಯಲ್ಲಿ ಎಂಎಲ್‌ಗೆ 40 ಯೂನಿಟ್‌ನದೂ ಇದೆ, 100 ಯೂನಿಟ್‌ನದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 20 ಅಲ್ಲ, 50 ಯೂನಿಟ್. ಬಾಟಲಿ ಮತ್ತು ಸಿರಿಂಜ್ ಎರಡರ ಮೇಲಿನ ಸಂಖ್ಯೆಯನ್ನೂ ಗಟ್ಟಿಯಾಗಿ ಓದಿ ಹೋಲಿಸುವ ಅಭ್ಯಾಸ ಮೊದಲ ದಿನದಿಂದಲೇ ಬರಲಿ.

ಪಾಸಾಗಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ ಶೇ 50 ಬೇಕು. ಮಕ್ಕಳು ಮಲಗಿದ ಮೇಲೆ ಒಂದು ಗಂಟೆ, ಅವರು ಏಳುವ ಮೊದಲು ಒಂದು ಗಂಟೆ ತಪ್ಪದೆ ಓದಿದರೆ ಇದು ಸಾಧ್ಯ. ಹೆಚ್ಚು ಜನ ಸೋಲುವುದು ಮೊದಲ ವರ್ಷದ ಅಂಗರಚನೆ, ಶರೀರಕ್ರಿಯಾ ಶಾಸ್ತ್ರದಲ್ಲಿ. ಹಳೆಯ ಪ್ರಶ್ನೆಪತ್ರಿಕೆಗಳ ಚಿತ್ರಗಳನ್ನು ನೋಡದೆ ಬರೆದು, ಭಾಗಗಳ ಹೆಸರು ಗುರುತಿಸುವುದು ಒಳ್ಳೆಯ ಮದ್ದು.

ಮುಗಿದ ಮೇಲೆ

ಫಲಿತಾಂಶ ಬಂದ ಕೂಡಲೇ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. ಜಿಎನ್‌ಎಂ ಆದವರಿಗೆ ನರ್ಸ್ ಮತ್ತು ಸೂಲಗಿತ್ತಿ ಎರಡೂ ನೋಂದಣಿ ಸಿಗುತ್ತದೆ, ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೆ ಅದು ಬೇಕೇ ಬೇಕು. ‘ಆಮೇಲೆ ಮಾಡಿಸೋಣ’ ಎಂದು ಖಾಸಗಿ ಆಸ್ಪತ್ರೆಗೆ ಸೇರಿದವರು ನೇಮಕಾತಿ ಪ್ರಕಟಣೆ ಬಂದಾಗ ಕೊನೆಯ ದಿನಾಂಕದೊಳಗೆ ನೋಂದಣಿ ಸಿಗದೆ ಅವಕಾಶ ಕಳೆದುಕೊಳ್ಳುತ್ತಾರೆ.

ಮುಂದಿನ ಮೆಟ್ಟಿಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಜಿಎನ್‌ಎಂ ನೋಂದಣಿ ಇದ್ದವರಿಗೆ ಇದು ತೆರೆದಿದೆ, ಆದರೆ ಇದೂ ಪೂರ್ಣಾವಧಿ. ಸರ್ಕಾರಿ ಸೇವೆಯಲ್ಲಿದ್ದರೆ ಇಲಾಖೆಯೇ ಓದಲು ಕಳಿಸುವ ನಿಯೋಜನೆಗೆ ಕಾಯುವುದು ಜಾಣತನ. ಅದರಾಚೆ ಎಂಎಸ್ಸಿಗೆ ಶೇ 55 ಅಂಕ, ಒಂದು ವರ್ಷದ ಕೆಲಸದ ಅನುಭವ ಬೇಕು. ಹಾಗಾಗಿ ಕೆಲಸ ಮಾಡಿದ ಪ್ರತಿ ಆಸ್ಪತ್ರೆಯಿಂದ ಸೇರಿದ, ಬಿಟ್ಟ ದಿನಾಂಕ ನಮೂದಿಸಿದ ಅನುಭವ ಪತ್ರವನ್ನು ಬಿಡುವ ದಿನವೇ ಪಡೆಯಿರಿ.

ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಮುಂದುವರಿಕೆ ಶಿಕ್ಷಣದ 150 ಗಂಟೆ ಲೆಕ್ಕ ತೋರಿಸಬೇಕಾಗುತ್ತದೆ, ಕಾರ್ಯಾಗಾರಗಳ ಪ್ರಮಾಣಪತ್ರ ಎಸೆಯಬೇಡಿ. ಮೀರಜ್ ಅಥವಾ ಕೊಲ್ಹಾಪುರದಲ್ಲಿ ಓದಿದವರು ಮೊದಲು ಮಹಾರಾಷ್ಟ್ರದ ಪರಿಷತ್ತಿನಲ್ಲಿ ನೋಂದಾಯಿಸಿ, ಆಮೇಲೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕಕ್ಕೆ ವರ್ಗಾಯಿಸಿಕೊಳ್ಳಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಜಮಖಂಡಿಯಲ್ಲೋ ರಾಯಬಾಗದಲ್ಲೋ ಕೆಲಸ ಹುಡುಕುವ ಮುನ್ನವೇ ಅರ್ಜಿ ಹಾಕಿರಬೇಕು.