ಕೊನೆ ಸುತ್ತಿನ ಬಣ್ಣವನ್ನು ಮೊದಲು ಆರಿಸಿದೆ

ನನ್ನ ನಾಲ್ಕನೇ ಕ್ರೋಶಾ ಹೊದಿಕೆ ಮುಗಿದು ಮೂರು ವಾರ ಆಯಿತು. ಅದನ್ನು ಮಂಚದ ಮೇಲೆ ಹಾಸಿದ ದಿನ ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು. "ಇದರಲ್ಲಿ ಎಷ್ಟು ಬಣ್ಣ ಇದೆ ಕಣೇ?" ಅಂತ ಕೇಳಿದಳು. ಹನ್ನೊಂದು ಅಂದೆ. "ಹೌದಾ? ಐದೋ ಆರೋ ಇರಬೇಕು ಅಂದ್ಕೊಂಡೆ" ಅಂದಳು. ಈ ಮಾತು ಕೇಳೋಕೆ ಅಂತಲೇ ನಾನು ಎರಡು ವರ್ಷ ಒದ್ದಾಡಿದ್ದು. ಬಣ್ಣ ಎಷ್ಟಿದ್ದರೂ ಕಣ್ಣಿಗೆ ಗಲಾಟೆ ಅನ್ನಿಸಬಾರದು. ಎಲ್ಲವೂ ಒಂದೇ ಮನೆಯವು ಅನ್ನಿಸಬೇಕು.

ಇದೇ ಅಕ್ಕ ನಾನು ಉಲ್ಲನ್ ಉಂಡೆಗಳನ್ನು ಸಾಲಾಗಿಟ್ಟು ಕಪ್ಪು-ಬಿಳುಪು ಫೋಟೋ ತೆಗೆಯುತ್ತಿದ್ದಾಗ, "ಬಣ್ಣ ಆರಿಸೋಕೆ ಬಣ್ಣ ಇಲ್ಲದ ಫೋಟೋನಾ? ಕಣ್ಣಿಲ್ವಾ ನಿಂಗೆ?" ಅಂದಿದ್ದಳು. ನನ್ನ ಜೊತೆ ಹೆಣೆಯುವ ಗೆಳತಿಯರದ್ದೂ ಅದೇ ರಾಗ. ಕೈಗೆ ಸಿಕ್ಕ ಬಣ್ಣ ಹಾಕ್ತಾ ಹೋಗು, ತಾನಾಗಿಯೇ ಚೆನ್ನಾಗಿ ಬರುತ್ತೆ ಅಂತ. ನನಗೆ ತಾನಾಗಿ ಬರಲಿಲ್ಲ. ಮೂರು ಸಲ ಬರಲಿಲ್ಲ.

ಹೆಣಿಗೆ ಗೊತ್ತಿರುವವರಿಗೇ ಇದನ್ನು ಬರೆಯುತ್ತಿದ್ದೇನೆ. ಗ್ರಾನಿ ಸ್ಕ್ವೇರ್, ಅಂದರೆ ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹೆಣೆಯುವ ಚೌಕ, ಹಾಕೋದು ಹೇಗೆ ಅಂತ ಹೇಳುವುದಿಲ್ಲ. ನನ್ನದು 4 ಮಿಲಿಮೀಟರ್ ಹುಕ್, ಡಿಕೆ ಅನ್ನುವ ಮಧ್ಯಮ ದಪ್ಪದ ದಾರ, ನಾಲ್ಕು ಸುತ್ತಿನ ಚೌಕ. ಇಷ್ಟು ಗೊತ್ತಿದ್ದರೆ ಸಾಕು.

ಮೊದಲನೇ ಹೊದಿಕೆಗೆ ಏಳು ಬಣ್ಣ ತಂದಿದ್ದೆ. ರಾಣಿ ಗುಲಾಬಿ, ಎಲೆ ಹಸಿರು, ಇಟ್ಟಿಗೆ ಕೆಂಪು, ನವಿಲು ನೀಲಿ, ಹೀಗೆ. ಒಂದೊಂದನ್ನೂ ಕೈಯಲ್ಲಿ ಹಿಡಿದರೆ ಕೆಳಗಿಡೋಕೆ ಮನಸ್ಸು ಬರುತ್ತಿರಲಿಲ್ಲ. ಅರವತ್ತು ಚೌಕ ಆದ ಮೇಲೆ ನೆಲದ ಮೇಲೆ ಜೋಡಿಸಿ, ಸ್ಟೂಲ್ ಹತ್ತಿ ನೋಡಿದೆ. ಸಪ್ಪೆ. ಹತ್ತಿರದಿಂದ ಚಂದ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಎಲ್ಲ ಕಲಸಿ ಕೆಸರು. ಬಣ್ಣ ಸಾಲದೇನೋ ಅಂತ ಇನ್ನೂ ನಾಲ್ಕು ಬಣ್ಣ ತಂದೆ. ಕೆಸರು ಇನ್ನೂ ಜಾಸ್ತಿ ಆಯಿತು. ಅಲ್ಲಿಗೆ ಕೈಬಿಟ್ಟೆ. ಅರವತ್ತು ಚೌಕವೂ ಆಮೇಲೆ ತಂದ ದಾರವೂ ಸೇರಿ ಒಂದು ಇಡೀ ಹೊದಿಕೆಯ ದುಡ್ಡು ಬೀರುವಿನೊಳಗೆ ಹೋಗಿ ಕೂತಿತು.

ಎರಡನೆಯದಕ್ಕೆ ಕೊನೆ ಸುತ್ತು ಪೂರ್ತಿ ಕಪ್ಪು ಹಾಕಿದೆ. ಕಪ್ಪು ಹಾಕಿದರೆ ಒಳಗಿನ ಬಣ್ಣ ಎದ್ದು ಕಾಣುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ನನ್ನ ಒಳಗಿನ ಬಣ್ಣಗಳು ಮೊದಲೇ ಜೋರಾಗಿದ್ದವು, ಕಪ್ಪು ಸೇರಿ ಕಣ್ಣಿಗೆ ಚುಚ್ಚುವ ಹಾಗಾಯಿತು. ರಾತ್ರಿ ಹೊತ್ತು ಕಪ್ಪು ದಾರದಲ್ಲಿ ಹೊಲಿಗೆ ಕಾಣದೆ ಒಂದೊಂದು ಸಾಲನ್ನು ಎರಡೆರಡು ಸಲ ಬಿಚ್ಚಿದ್ದೇನೆ. ಹೊದಿಕೆ ಮುಗಿಯಿತು. ಆದರೆ ಬಿಳಿ ನೂಲು, ಕೂದಲು, ಧೂಳು ಎಲ್ಲ ಅದರ ಮೇಲೇ ಕಾಣುತ್ತಿತ್ತು.

ಮೂರನೆಯದು ಇನ್ನೂ ನೋವು ಕೊಟ್ಟಿತು, ಯಾಕೆಂದರೆ ಅದು ಚೆನ್ನಾಗಿ ಬರುತ್ತಿತ್ತು. ಕೊನೆ ಸುತ್ತಿಗೆ ಕೆನೆ ಬಣ್ಣ. ಮುಕ್ಕಾಲು ಭಾಗ ಆದಾಗ ಕೆನೆ ದಾರ ಮುಗಿಯಿತು. ಅದೇ ಕಂಪನಿ, ಅದೇ ಬಣ್ಣದ ನಂಬರ್ ನೋಡಿ ಮೂರು ಉಂಡೆ ತಂದೆ. ಚೀಟಿಯ ಮೇಲಿನ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ದಾರಕ್ಕೆಲ್ಲ ಕೊಡುವ ನಂಬರ್, ನೋಡಲಿಲ್ಲ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಹಳೆಯದೂ ಹೊಸದೂ ಒಂದೇ ಕಾಣಿಸಿತು. ಎಲ್ಲ ಜೋಡಿಸಿ, ಅಂಚು ಕಟ್ಟಿ, ಬೆಳಿಗ್ಗೆ ಕಿಟಕಿ ಹತ್ತಿರ ಹರವಿದಾಗ ಕೆಳಗಿನ ನಾಲ್ಕು ಸಾಲು ಹಳದಿ ಹೊಡೆಯುತ್ತಿತ್ತು. ಒಂದು ಗೆರೆ ಎಳೆದ ಹಾಗೆ. ಆ ಚೌಕಗಳನ್ನು ಹಳೆಯದರ ನಡುವೆ ಅಲ್ಲಲ್ಲಿ ಬೆರೆಸಿ ಜೋಡಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಹೊಳೆದದ್ದು ಆಮೇಲೆ.

ಮೂರನ್ನೂ ಪಕ್ಕ ಪಕ್ಕ ಹರವಿ, ಫೋನಲ್ಲಿ ಒಂದು ಫೋಟೋ ತೆಗೆದು ಅದರ ಬಣ್ಣ ಪೂರ್ತಿ ಇಳಿಸಿ ನೋಡಿದ ದಿನ ಉತ್ತರ ಸಿಕ್ಕಿತು. ಮೊದಲನೆಯದರಲ್ಲಿ ನನ್ನ ಮುದ್ದಿನ ರಾಣಿ ಗುಲಾಬಿ, ಎಲೆ ಹಸಿರು ಎರಡೂ ಒಂದೇ ಬೂದು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಅಂತ ಹೇಳೋಕೆ ಆಗುತ್ತಿರಲಿಲ್ಲ. ಏಳು ಬಣ್ಣದಲ್ಲಿ ಆರು ನಡುಮಟ್ಟದವು. ತಿಳಿಯೂ ಇಲ್ಲ, ಕಡುವೂ ಇಲ್ಲ. ಆಮೇಲೆ ತಂದ ನಾಲ್ಕೂ ಅದೇ ಗುಂಪಿನವು. ದೂರದಿಂದ ನೋಡುವ ಕಣ್ಣಿಗೆ ಮೊದಲು ಬೀಳೋದು ತಿಳಿ-ಕಡು. ಕೆಂಪೋ ಹಸಿರೋ ಅನ್ನೋದು ಆಮೇಲೆ.

ಹಾಗಾಗಿ ನಾಲ್ಕನೆಯದಕ್ಕೆ ಮೊದಲು ಮೂರು ಗುಡ್ಡೆ ಮಾಡಿದೆ. ತಿಳಿ ಮೂರು, ನಡು ಐದು, ಕಡು ಮೂರು. ಫೋಟೋ ತೆಗೆಯುವಾಗ ಉಂಡೆಗಳ ಜೊತೆ ಒಂದು ಬಿಳಿ ಹಾಳೆ, ಒಂದು ಕಪ್ಪು ಬಟ್ಟೆ ಎರಡನ್ನೂ ಇಡಬೇಕು. ಇಲ್ಲದಿದ್ದರೆ ಕ್ಯಾಮೆರಾ ತನಗೆ ಬೇಕಾದ ಹಾಗೆ ಬೆಳಕು ಏರಿಸಿ ಇಳಿಸಿ ಮೋಸ ಮಾಡುತ್ತೆ. ಫ್ಲಾಶ್ ಬೇಡ, ನೇರ ಬಿಸಿಲೂ ಬೇಡ. ಕಿಟಕಿ ಪಕ್ಕದ ನೆರಳು ಸಾಕು. ಪರದೆಯ ಮೇಲೆ ಬಣ್ಣ ನೋಡಿ ದಾರ ತರಿಸುವುದನ್ನಂತೂ ನಾನು ಬಿಟ್ಟೇಬಿಟ್ಟೆ.

ಇನ್ನು ಕೊನೆ ಸುತ್ತಿನ ಮಾತು. ಇಲ್ಲಿ ನಾನು ಸ್ವಲ್ಪ ಹೆಮ್ಮೆ ಪಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳಿಕೊಡಲಿಲ್ಲ, ಎಣಿಸಿ ಕಂಡುಕೊಂಡೆ. ನಾಲ್ಕು ಸುತ್ತಿನ ಚೌಕದಲ್ಲಿ ಮೊದಲ ಸುತ್ತಿಗೆ ಮೂರು ಕಂಬದ (ಉದ್ದ ಹೊಲಿಗೆಯ) ಗೊಂಚಲು ನಾಲ್ಕು. ಎರಡನೆಯದಕ್ಕೆ 8, ಮೂರನೆಯದಕ್ಕೆ 12, ನಾಲ್ಕನೆಯದಕ್ಕೆ 16. ಒಟ್ಟು 40. ಅಂದರೆ ಕೊನೆ ಸುತ್ತಿನ ಬಣ್ಣವೊಂದೇ ಪ್ರತಿ ಚೌಕದ ನೂರಕ್ಕೆ 40 ಭಾಗ ತಿನ್ನುತ್ತೆ. ಅದೇ ಬಣ್ಣದಲ್ಲಿ ಜೋಡಿಸಿ ಅಂಚು ಕಟ್ಟಿದರೆ ಹೆಚ್ಚುಕಮ್ಮಿ ಅರ್ಧ ಹೊದಿಕೆ ಅದೇ ಬಣ್ಣ. ನಾವು ಮಾತ್ರ ನಡುವಿನ ಹೂವಿಗೆ ಯಾವ ಬಣ್ಣ ಅಂತ ಗಂಟೆಗಟ್ಟಲೆ ಯೋಚಿಸಿ, ಕೊನೆ ಸುತ್ತಿಗೆ ಮನೆಯಲ್ಲಿ ಜಾಸ್ತಿ ಇರುವ ದಾರ ತೆಗೆದುಕೊಳ್ಳುತ್ತೇವೆ, ಅಲ್ವಾ? ನಾನು ಉಲ್ಟಾ ಮಾಡಿದೆ. ಕೊನೆ ಸುತ್ತಿನ ಬಣ್ಣ ಮೊದಲು ನಿಕ್ಕಿ ಮಾಡಿದೆ. ಮಾಸಲು ಕೆನೆ. ಅಚ್ಚ ಬಿಳಿ ಹಾಕಿ ನೋಡಿದ್ದೆ, ಚೌಕಗಳ ಸುತ್ತ ಬೇಲಿ ಹಾಕಿದ ಹಾಗೆ ಕಾಣಿಸಿತು. ಉಳಿದ ಹತ್ತು ಬಣ್ಣ ಆ ಕೆನೆಗೆ ಹೊಂದಬೇಕು. ಒಂದಕ್ಕೊಂದು ಹೊಂದದಿದ್ದರೂ ನಡೆಯುತ್ತೆ, ಯಾಕೆಂದರೆ ನಡುವೆ ಯಾವಾಗಲೂ ಕೆನೆ ಇರುತ್ತೆ.

ಇದೇ ಲೆಕ್ಕದಿಂದ ಇನ್ನೊಂದು ಸಮಸ್ಯೆ ಬಗೆಹರಿಯಿತು. ನನ್ನ ಬಳಿ ಬೆಂಕಿಯಂಥ ಕಿತ್ತಳೆ ದಾರ ಇತ್ತು. ಎಲ್ಲಿ ಹಾಕಿದರೂ ಅದೊಂದೇ ಕಾಣುತ್ತಿತ್ತು. ಮೊದಲ ಸುತ್ತು ಹತ್ತರಲ್ಲಿ ಒಂದು ಪಾಲು ಮಾತ್ರ. ಅಲ್ಲಿಗೆ ಕಿತ್ತಳೆ ಹಾಕಿದೆ. ಈಗ ಅದು ದೀಪದ ಹಾಗೆ ಅಲ್ಲಲ್ಲಿ ಮಿನುಗುತ್ತೆ, ಅಷ್ಟೇ. ಜೋರು ಬಣ್ಣವನ್ನು ಬಿಸಾಡಬೇಡಿ, ಒಳಗೆ ಕೂರಿಸಿ.

ಚೌಕ ಹೆಣೆಯುವ ಮೊದಲು ರಟ್ಟಿನ ಮೇಲೆ ದಾರ ಸುತ್ತಿ ನೋಡುವುದು ಹಳೆಯ ಪದ್ಧತಿ. ನಾನೂ ಮಾಡುತ್ತಿದ್ದೆ, ಆದರೆ ಎಲ್ಲ ಬಣ್ಣವನ್ನೂ ಸಮವಾಗಿ ಸುತ್ತುತ್ತಿದ್ದೆ. ಹಾಗಾಗಿ ರಟ್ಟಿನಲ್ಲಿ ಚೆನ್ನಾಗಿ ಕಂಡದ್ದು ಚೌಕದಲ್ಲಿ ಕೆಡುತ್ತಿತ್ತು. ಈ ಸಲ 4, 8, 12, 16 ಅಂತ ಸುತ್ತು ಎಣಿಸಿ ಸುತ್ತಿದೆ. ರಟ್ಟಿನಲ್ಲಿ ಕಂಡದ್ದೇ ಚೌಕದಲ್ಲೂ ಬಂತು. ಇಪ್ಪತ್ತಾರು ರಟ್ಟು ಮಾಡಿದ ನೆನಪು, ಅದರಲ್ಲಿ ಒಂಬತ್ತು ಉಳಿಸಿಕೊಂಡೆ.

ದುಡ್ಡು ಉಳಿದದ್ದೂ ಇಲ್ಲೇ. ಮೊದಲೆಲ್ಲ ಹದಿನಾಲ್ಕು ಬಣ್ಣ ತಂದು ಎಂಟು ಬಳಸುತ್ತಿದ್ದೆ. ಈಗ ರಟ್ಟಿಗೆ ಬೇಕಾಗುವ ಒಂದೆರಡು ಮಾರು ದಾರವನ್ನು ಗೆಳತಿಯರ ಹತ್ತಿರ ಕೇಳಿ ತಂದೆ, ನನ್ನದನ್ನು ಅವರಿಗೆ ಕೊಟ್ಟೆ. ಬಣ್ಣ ನಿಕ್ಕಿ ಆದ ಮೇಲೆ ಕೊಂಡೆ. ನನ್ನದು 12 ಚೌಕ ಅಗಲ, 15 ಚೌಕ ಉದ್ದ, ಒಟ್ಟು 180. ಒಂದು ಚೌಕಕ್ಕೆ ಸುಮಾರು 9 ಗ್ರಾಂ. ಕೊನೆ ಸುತ್ತಿಗೆ 650 ಗ್ರಾಂ, ಜೋಡಣೆಗೂ ಅಂಚಿಗೂ ಇನ್ನೊಂದು 200 ಗ್ರಾಂ. 100 ಗ್ರಾಮಿನ ಉಂಡೆ ಒಂಬತ್ತು ಬೇಕು, ಹತ್ತು ತಂದೆ, ಹತ್ತಕ್ಕೂ ಒಂದೇ ಲಾಟ್ ನಂಬರ್ ಇದೆಯಾ ಅಂತ ಅಂಗಡಿಯಲ್ಲೇ ನಿಂತು ಓದಿದೆ. ಉಳಿದ ಬಣ್ಣಗಳಿಗೆ ಲಾಟ್ ನೋಡುವ ಅಗತ್ಯ ಇಲ್ಲ. ಅವು ಚೌಕದೊಳಗೆ ಚದುರಿಹೋಗುತ್ತವೆ, ಸ್ವಲ್ಪ ವ್ಯತ್ಯಾಸ ಬಂದರೆ ಇನ್ನೂ ಚಂದ. ಕಿತ್ತಳೆ ಎಲ್ಲ ಸೇರಿ ಒಂದೂವರೆ ಉಂಡೆ ಹಿಡಿಯಿತು.

ನಡುವೆ ಒಂದು ಗಾಬರಿ ಆಯಿತು. ಬೂದು ದಾರವನ್ನು ಕೆಂಪಿನ ಪಕ್ಕ ಹಾಕಿದಾಗ ಹಸಿರು ಛಾಯೆ ಕಂಡಿತು, ಕಿತ್ತಳೆ ಪಕ್ಕ ಹಾಕಿದಾಗ ನೀಲಿ. ಎರಡು ಬೇರೆ ಉಂಡೆ ಬೆರೆತಿದೆ ಅಂತ ಐದಾರು ಚೌಕ ಬಿಚ್ಚಿದೆ. ಬಿಚ್ಚಿದ ದಾರ ಪಕ್ಕ ಪಕ್ಕ ಇಟ್ಟರೆ ಒಂದೇ! ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲೂ ಹೀಗೇ ಆಗಿತ್ತು. ಅಲ್ಲಿ ಬಣ್ಣ ಹಾಕುವ ವಿಭಾಗಕ್ಕೆ 1824ರಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥರಾದರು. ಕಪ್ಪು ನೂಲು ಕಡುವಾಗಿ ಕಾಣಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಕಪ್ಪಿನಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳಿಂದ ಅದು ಹಾಗೆ ಕಾಣುತ್ತಿತ್ತು. ಇದು ಗೊತ್ತಿದ್ದರೆ ನನ್ನ ಆರು ಚೌಕ ಉಳಿಯುತ್ತಿತ್ತು. ಈಗ ಯಾವ ದಾರವನ್ನೂ ಒಂಟಿಯಾಗಿ ನೋಡಿ ಬೇಡ ಅನ್ನುವುದಿಲ್ಲ.

ಬೇರೆ ಪ್ರಯೋಗಗಳೂ ಕೆಲವು ನಡೆದವು. ಕಿತ್ತಳೆಯನ್ನು ಸ್ವಲ್ಪ ಮಂಕು ಮಾಡೋಣ ಅಂತ ಕಂದು ಬಣ್ಣದ ನೀರಲ್ಲಿ ಕುದಿಸಿದೆ. ಒಂದು ಗಂಟೆ ಕುದಿಸಿದರೂ ದಾರ ಹಾಗೇ ಇತ್ತು, ಪಾತ್ರೆ ಮಾತ್ರ ಕಂದಾಯಿತು. ದಾರ ಅಕ್ರಿಲಿಕ್, ಅಂದರೆ ಕೃತಕ ನೂಲಿನದು. ಉಣ್ಣೆಗೆ, ಹತ್ತಿಗೆ ಹಾಕುವ ಬಣ್ಣ ಅಕ್ರಿಲಿಕ್ಕಿಗೆ ಹಿಡಿಯುವುದಿಲ್ಲ. ಬದಲಿಗೆ ತೆಳು ಕಿತ್ತಳೆ ಎಳೆ ಒಂದು, ತೆಳು ಬೂದು ಎಳೆ ಒಂದು ಜೊತೆಗೆ ಹಿಡಿದು ಹೆಣೆದೆ. ಅದ್ಭುತವಾಗಿ ಬಂತು. ಅಂಗಡಿಯಲ್ಲಿ ಎಲ್ಲೂ ಸಿಗದ ಬಣ್ಣ ಅದು. ಹೀಗೆ ಮೂರು ಹೊಸ ಬಣ್ಣ ಮಾಡಿಕೊಂಡೆ, ಹನ್ನೊಂದರಲ್ಲಿ ಮೂರು ಇವೇ. ಬಣ್ಣ ಬಣ್ಣದ ದಾರ, ಅಂದರೆ ಒಂದೇ ಉಂಡೆಯಲ್ಲಿ ನಾಲ್ಕೈದು ಬಣ್ಣ ಬರುತ್ತಲ್ಲ, ಅದನ್ನೂ ಹಾಕಿ ನೋಡಿದೆ. ಉದ್ದ ಸಾಲಿಗೆ ಹಾಕಿದರೆ ಒಂದೇ ಬಣ್ಣ ಒಂದೇ ಕಡೆ ಮಡುಗಟ್ಟುತ್ತೆ. ಮೊದಲ ಸುತ್ತಿಗೆ ಮಾತ್ರ ಹಾಕಿದರೆ ಪರವಾಗಿಲ್ಲ.

ಹತ್ತಿ ದಾರದಲ್ಲಿ ಹೆಣೆಯುವವರು ಕಡು ಕೆಂಪನ್ನು ಪರೀಕ್ಷೆ ಮಾಡದೆ ಸೇರಿಸಬೇಡಿ. ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಮಡಚಿ, ಮೇಲೆ ಭಾರ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಬಟ್ಟೆ ಗುಲಾಬಿಯಾಗಿದ್ದರೆ ಆ ದಾರವನ್ನು ಬಿಳಿ ಹತ್ತಿರ ಬಿಡಬೇಡಿ. ಒಂದು ಮಗುವಿನ ಹೊದಿಕೆ ನನ್ನದು ಮೊದಲ ಒಗೆತದಲ್ಲೇ ಕೆಟ್ಟಿದೆ.

ಹನ್ನೊಂದರಲ್ಲಿ ಒಂದು ಬಣ್ಣದ ಬಗ್ಗೆ ಹೇಳಲೇಬೇಕು. ಮಣ್ಣು ಹಸಿರು, ಪಾಚಿ ಒಣಗಿದ ಹಾಗಿನದು. ಅದನ್ನು ಆರಿಸಿದಾಗ ಗೆಳತಿಯರಲ್ಲಿ ಒಬ್ಬಳು "ಇದನ್ನು ಯಾರಾದರೂ ದುಡ್ಡು ಕೊಟ್ಟು ತರ್ತಾರಾ?" ಅಂದಳು. ಚೌಕ ಜೋಡಿಸಿದ ಮೇಲೆ ಅದನ್ನು ತೆಗೆದು ನೋಡು ಅಂದೆ. ಆ ಚೌಕಗಳನ್ನು ಎತ್ತಿದ ಕೂಡಲೇ ಪಕ್ಕದ ಗುಲಾಬಿ, ನೀಲಿ ಎಲ್ಲ ಅಗ್ಗದ ಮಾಲಿನ ಹಾಗೆ ಕಂಡವು. ಮತ್ತೆ ಇಟ್ಟಳು. ಏನೂ ಮಾತಾಡಲಿಲ್ಲ. ಅದೇ ಗೆಳತಿ ಈಗ ಅದೇ ಹಸಿರು ಎರಡು ಉಂಡೆ ತಂದಿದ್ದಾಳೆ.

180 ಚೌಕಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ದಾಳ ಹಾಕಿ ನೋಡಿದೆ. ದಾಳಕ್ಕೆ ಕಣ್ಣಿಲ್ಲ, ಒಂದೇ ಬಣ್ಣ ನಾಲ್ಕು ಒಟ್ಟಿಗೆ ಬಂದು ಮಚ್ಚೆ ಬಿದ್ದ ಹಾಗಾಯಿತು. ಕಡು ಚೌಕಗಳನ್ನು ಮೊದಲು ಅಲ್ಲಲ್ಲಿ ಕೂರಿಸಿ, ಆಮೇಲೆ ಉಳಿದದ್ದು ತುಂಬಿದೆ ಅಂತ ಮಾತ್ರ ಹೇಳುತ್ತೇನೆ. ಕಡು ಚೌಕ ಎಷ್ಟು ದೂರಕ್ಕೊಂದು, ಅಂಚಿನ ಸಾಲಿನಲ್ಲಿ ಏನು ಬದಲಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದಕ್ಕೆ ಹನ್ನೆರಡು ದಿನ ಮಂಡಿ ಊರಿ ನೆಲದ ಮೇಲೆ ಕೆಲಸ ಮಾಡಿದ್ದೇನೆ. ಜೋಡಿಸುವ ಮುಂಚೆ ಒಂದು ಸಲ ಬೆಳಿಗ್ಗೆ ಕಿಟಕಿ ಬೆಳಕಲ್ಲಿ, ಒಂದು ಸಲ ರಾತ್ರಿ ಆ ಹೊದಿಕೆ ಇರುವ ಕೋಣೆಯ ದೀಪದಲ್ಲೇ ಫೋಟೋ ತೆಗೆದೆ. ಹಳದಿ ದೀಪದ ಕೆಳಗೆ ಎರಡು ನೀಲಿ ಚೌಕ ಕಪ್ಪಾಗಿ ಕಂಡವು, ಅವನ್ನು ದೂರ ಮಾಡಿದೆ.

ಹತ್ತು ಉಂಡೆ ಕೆನೆಯಲ್ಲಿ ಉಳಿದದ್ದು ಒಂದು ಉಂಡೆಗೂ ಸ್ವಲ್ಪ ಜಾಸ್ತಿ. ಬೀರುವಿನಿಂದ ಆ ಹಳೆಯ ಅರವತ್ತು ಚೌಕಗಳನ್ನು ಮೊನ್ನೆ ಹೊರಗೆ ತೆಗೆದೆ. ಕೊನೆ ಸುತ್ತು ಮಾತ್ರ ಬಿಚ್ಚಿ, ಉಳಿದ ಈ ಕೆನೆ ಹಾಕುತ್ತಿದ್ದೇನೆ. ಇವತ್ತಿಗೆ ಹದಿನೇಳು ಆಗಿದೆ. ರಾಣಿ ಗುಲಾಬಿಯೂ ಎಲೆ ಹಸಿರೂ ಈಗ ಬೇರೆ ಬೇರೆಯಾಗಿ ಕಾಣುತ್ತಿವೆ.