ಹಾಳೆ ತಟ್ಟೆಯ ಲೆಕ್ಕ ಮಾರ್ಚ್‌ನಲ್ಲೇ ಮುಗಿಯುತ್ತದೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ಹಾಳೆಯ (ಗರಿಯ ಬುಡದ ಅಗಲ ಪೊರೆ) ತಟ್ಟೆ ಮಾಡುವ ಘಟಕ ಹಾಕಲು ಹೊರಟವರು ಮೊದಲು ವಿಚಾರಿಸುವುದು ಮೆಷಿನ್ನಿನ ರೇಟು. ನಾನಾದರೆ ಮೊದಲು ದಾಸ್ತಾನು ಕೊಟ್ಟಿಗೆಯ ಛಾವಣಿ ನೋಡುತ್ತೇನೆ. ಜೂನ್‌ನಿಂದ ನವೆಂಬರ್‌ವರೆಗೆ ಬೇಕಾಗುವಷ್ಟು ಒಣ ಹಾಳೆ ಕೈಯಲ್ಲಿ ಇಲ್ಲದಿದ್ದರೆ, ಎಷ್ಟು ಒಳ್ಳೆಯ ಹೈಡ್ರಾಲಿಕ್ ಮೆಷಿನ್ ತಂದರೂ ಅರ್ಧ ವರ್ಷ ಬಾಗಿಲು ಹಾಕಿಕೊಂಡೇ ಇರಬೇಕು.

ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ, ಅಂದರೆ ಮೂರು ಸಾವಿರ ಚಿಲ್ಲರೆ ಹಾಳೆ. ಮಳೆಗೆ ಬಿದ್ದದ್ದು, ಸೀಳಿದ್ದು, ಅಗಲ ಸಾಲದ್ದು ಕಳೆದರೆ ತಟ್ಟೆಗೆ ಒದಗುವುದು 1,500 ಎಂದಿಟ್ಟುಕೊಳ್ಳಿ. ದಿನಕ್ಕೆ 1,000 ಹಾಳೆ ಬೇಡುವ ಘಟಕ 250 ದಿನ ನಡೆಯಬೇಕಾದರೆ 160 ಎಕರೆಗೂ ಮೇಲ್ಪಟ್ಟ ತೋಟದ ಹಾಳೆ ಬೇಕಾಯಿತು. ಸ್ವಂತ ತೋಟದ ಹಾಳೆ ಸಾಕು ಎನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ. ಮೆಷಿನ್ನಿಗೆ ಮುಂಗಡ ಕೊಡುವ ಮೊದಲೇ ಸುತ್ತಮುತ್ತಲಿನ ತೋಟದವರ ಹತ್ತಿರ ಮಾತಾಡಿ, ರೇಟು ಕುದುರಿಸಿ ಇಟ್ಟುಕೊಳ್ಳಬೇಕು.

ಕೊಳ್ಳುವ ಕಾಲ ಡಿಸೆಂಬರ್‌ನಿಂದ ಮೇ ಮೊದಲ ವಾರದವರೆಗೆ. ಬಿಸಿಲು ಗಟ್ಟಿ ಇರುವ ಫೆಬ್ರವರಿ-ಮಾರ್ಚ್‌ನ ಹಾಳೆಯೇ ಎಲ್ಲಕ್ಕಿಂತ ಬಿಳಿ. ತೋಟದವರಿಗೆ ಹೇಳಿಡುವುದು ಇಷ್ಟು: ಬಿದ್ದ ಎರಡು ಮೂರು ದಿನದೊಳಗೆ ಹೆಕ್ಕಬೇಕು, ಸೋಗೆ (ಗರಿ) ಕಡಿದು ಹಾಳೆ ಬೇರೆ ಮಾಡಬೇಕು, ಅಂಗಳದಲ್ಲಿ ಒಳಮೈ ಮೇಲಾಗಿ ಹರಡಿ ನಾಲ್ಕೈದು ಬಿಸಿಲು ಕಾಣಿಸಬೇಕು. ಬೇಸಿಗೆಯಲ್ಲಿ ಹಾಳೆ ಕೆಡುವುದಕ್ಕೆ ಮುಖ್ಯ ಕಾರಣ ಸ್ಪ್ರಿಂಕ್ಲರ್. ಬಿದ್ದ ಹಾಳೆಯ ಮೇಲೆ ಎರಡು ಸಲ ನೀರು ಹಾರಿದರೆ ಕಪ್ಪು ಚುಕ್ಕೆ ಬಂತೆಂದೇ ಲೆಕ್ಕ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನೀರು ಬಿಡುವ ದಿನ ಬೆಳಿಗ್ಗೆ ಹೆಕ್ಕಿದವರಿಗೆ ಹಾಳೆಗೆ ಕಾಲು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ತೂಕಕ್ಕೆ ಕೊಳ್ಳಬಾರದು, ಎಣಿಕೆಗೆ ಕೊಳ್ಳಬೇಕು. ತೂಕದಲ್ಲಿ ನೀರಿಗೂ ದುಡ್ಡು ಹೋಗುತ್ತದೆ. ಹಾಳೆಯ ನಡುವಿನ ಅಗಲ ಅಳೆದು ಅಲ್ಲೇ ಬೇರ್ಪಡಿಸಿ: 12 ಇಂಚಿನ ತಟ್ಟೆಗೆ 13 ಇಂಚು, 10ಕ್ಕೆ 11 ಇಂಚಾದರೂ ಬೇಕು. ಕಿರಿದಾದದ್ದು ದೊನ್ನೆಗೆ. ಒಣಗಿದೆಯೇ ಎಂದು ತಿಳಿಯಲು ತುದಿ ಮಡಚಿ ನೋಡಿ. ಟಪ್ಪೆಂದು ಮುರಿದರೆ ಸರಿ, ಚರ್ಮದ ಹಾಗೆ ಬಳುಕಿದರೆ ಇನ್ನೊಂದು ಬಿಸಿಲು ಬೇಕು. ಒಂದೇ ಒಂದು ಹಸಿ ಕಟ್ಟು ಒಳಗೆ ಸೇರಿದರೆ ಜುಲೈ ಹೊತ್ತಿಗೆ ಅದರ ಸುತ್ತಲಿನ ಕಟ್ಟುಗಳಿಗೂ ಬೂಸ್ಟು ಹಿಡಿದಿರುತ್ತದೆ. ದಾಸ್ತಾನಿಗೆ ನೆಲದಿಂದ ಒಂದಡಿ ಎತ್ತರದ ಅಡಿಕೆ ಮರದ ಸೀಳಿನ (ಸಲಿಕೆಯ) ಅಟ್ಟ, ಗೋಡೆಯಿಂದ ಒಂದು ಗೇಣು ದೂರ. ಟಾರ್ಪಾಲು ಮೇಲಿನಿಂದ ಮಾತ್ರ ಹೊದಿಸಿ. ನಾಲ್ಕೂ ಸುತ್ತ ಬಿಗಿದರೆ ಒಳಗೆ ಬೆವರುತ್ತದೆ. ಗೆದ್ದಲು ಬಾರದಂತೆ ಅಟ್ಟದ ಕಾಲುಗಳನ್ನು ವಾರಕ್ಕೊಮ್ಮೆ ನೋಡುವುದು ಒಳ್ಳೆಯದು.

ಇನ್ನು ಒತ್ತುವ ಕೆಲಸ. ಬ್ರಷ್ಷಿನಿಂದ ಉಜ್ಜಿ ತೊಳೆದು 15ರಿಂದ 20 ನಿಮಿಷ ನೀರಲ್ಲಿ ನೆನೆಸಿ, ನೀರು ಇಳಿಯಲು ನೆಟ್ಟಗೆ ನಿಲ್ಲಿಸಬೇಕು. ಡೈಯ (ತಟ್ಟೆ ಒತ್ತುವ ಅಚ್ಚಿನ) ಕಾವು 90ರಿಂದ 110 ಡಿಗ್ರಿ, ಒತ್ತುವ ಸಮಯ ಹಾಳೆಯ ದಪ್ಪ ನೋಡಿ 40ರಿಂದ 60 ಸೆಕೆಂಡು. ಡೈ ತೆರೆದಾಗ ಬುಸ್ಸೆಂದು ದಟ್ಟ ಹಬೆ ಬಂದರೆ ನೀರು ಹೆಚ್ಚಾಗಿದೆ. ಅಂಥ ತಟ್ಟೆ ಸಂಜೆಯೊಳಗೆ ಸೊಟ್ಟಗಾಗುತ್ತದೆ. ಹಬೆಯೇ ಇಲ್ಲದೆ ಅಂಚಿನಲ್ಲಿ ಬಿರುಕು ಕಂಡರೆ ನೆನೆದದ್ದು ಸಾಲದು. ಅಂಚು ಕಂದಿದರೆ ಕಾವು ಹೆಚ್ಚು. ಸಂಜೆ ಹೊತ್ತು ಒಮ್ಮೆಲೇ ತಟ್ಟೆಗಳು ಮೆತ್ತಗೆ ಬರತೊಡಗಿದರೆ ಡೈಯನ್ನು ದೂರುವ ಮೊದಲು ವೋಲ್ಟೇಜ್ ನೋಡಿ: 230ರಿಂದ 200ಕ್ಕೆ ಇಳಿದರೆ ಹೀಟರಿನ ಕಾವು ಕಾಲು ಭಾಗ ಕಡಿಮೆಯಾಗುತ್ತದೆ. ಹೀಟರು, ಪಂಪು ಸೇರಿ 5 ಕಿಲೋವಾಟ್ ದಾಟುವುದಾದರೆ ತ್ರೀ ಫೇಸ್ ಸಂಪರ್ಕವನ್ನೇ ಕೇಳಬೇಕು. ಒತ್ತಿದ ತಟ್ಟೆ ಬಿಸಿಯಿರುವಾಗಲೇ ಪ್ಯಾಕ್ ಮಾಡಬಾರದು. ಒಂದು ದಿನ ಗಾಳಿಯಾಡಿಸಿ, ಬೆಳಕಿಗೆ ಹಿಡಿದು ಸೂಜಿ ತೂತು ಇದೆಯೇ ನೋಡಿ, 25ರ ಕಟ್ಟು ಮಾಡುತ್ತೇನೆ. ಸಾಂಬಾರು ಸೋರುವ ಒಂದು ತಟ್ಟೆ ಸಾಕು, ಅಡುಗೆ ಭಟ್ಟರು ಮತ್ತೆ ಫೋನ್ ಎತ್ತುವುದಿಲ್ಲ.

ದರ ಹಾಕುವ ದಾರಿ ತೋರಿಸಲು ದುಂಡು ಅಂಕಿ ಹಿಡಿಯೋಣ. ನಿಮ್ಮ ಊರಿನ ರೇಟು ಹಾಕಿಕೊಳ್ಳಿ. ಘಟಕಕ್ಕೆ ಮುಟ್ಟಿದ ಹಾಳೆಗೆ 2.50 ರೂಪಾಯಿ. ಇಬ್ಬರಿಗೆ ತಲಾ 700 ರೂಪಾಯಿ ಸಂಬಳ, ದಿನಕ್ಕೆ 1,000 ತಟ್ಟೆ ಎಂದರೆ 1.40. ಕರೆಂಟು 0.30, ಪ್ಯಾಕಿಂಗ್ 0.30. ಒಟ್ಟು 4.50. ನೂರರಲ್ಲಿ ಹತ್ತು ಹಾಳಾಗುತ್ತದೆ, ಹಾಗಾಗಿ ಒಳ್ಳೆಯ ತಟ್ಟೆಯ ಅಸಲು 5 ರೂಪಾಯಿ. ಹೆಚ್ಚಿನವರು ಲೆಕ್ಕದಲ್ಲಿ ಬಿಟ್ಟುಬಿಡುವುದು ಈ ಹತ್ತನ್ನೇ. ಬಾಡಿಗೆ, ಆಯಿಲ್ ಸೀಲ್, ಹೀಟರ್ ಕಾಯಿಲ್, ಬಡ್ಡಿ ಎಲ್ಲ ಇದರ ಮೇಲೆ. ಹಾಳೆಯ ಉಳಿದ ಭಾಗದಲ್ಲಿ ಒಂದು ಸಣ್ಣ ದೊನ್ನೆ ಬಂದರೆ ಅದೇ ನಿಜವಾದ ಲಾಭ. ಉಳಿದ ಚೂರು ಅಡಿಕೆ ಬುಡಕ್ಕೋ ಬಚ್ಚಲೊಲೆಗೋ ಹೋಗುತ್ತದೆ.

ಕಾಗದಪತ್ರ ಹೆಚ್ಚೇನಿಲ್ಲ. ಕೇರಳದಲ್ಲಿ 2019ರ ಕಾನೂನಿನ ಪ್ರಕಾರ, ಸರ್ಕಾರದ ಆನ್‌ಲೈನ್ ಏಕಗವಾಕ್ಷಿ ತಾಣ ಕೆ-ಸ್ವಿಫ್ಟ್‌ನಲ್ಲಿ ಸ್ವೀಕೃತಿ ಪತ್ರ ಪಡೆದು ಕಿರು ಘಟಕ ಶುರುಮಾಡಬಹುದು; ಅದರ ಬಲ ಮೂರು ವರ್ಷ, ಉಳಿದ ಲೈಸೆನ್ಸುಗಳನ್ನು ಆಮೇಲೆ ಮಾಡಿಸಿಕೊಳ್ಳಬೇಕು. ಎಲೆಯ ತಟ್ಟೆ-ಲೋಟಗಳಿಗೆ 2019ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿಯನ್ನು ಶೂನ್ಯಕ್ಕೆ ಇಳಿಸಲಾಯಿತು. ಹೊಸ ಘಟಕಗಳಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂಇಜಿಪಿ ಸಬ್ಸಿಡಿಯನ್ನು ನಂಬಿ ಹಾಳೆ ಕೊಳ್ಳಲು ಹೊರಡಬೇಡಿ: ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಮಾರ್ಚ್‌ನಲ್ಲಿ ತೋಟದವರ ಕೈಗೆ ಕೊಡುವ ದುಡ್ಡು ಬೇರೆಯೇ ಬೇಕು. ಸಾಲದ ಅರ್ಜಿಯಲ್ಲಿ ಮೆಷಿನ್ನಿನ ಜೊತೆ ದುಡಿಯುವ ಬಂಡವಾಳವನ್ನೂ ಕಾಣಿಸಿ.

ಮಾರಾಟದಲ್ಲಿ ರಫ್ತಿನ ಆಸೆ ಸದ್ಯಕ್ಕೆ ಬೇಡ. 2025ರ ಮೇಯಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕ ಆಹಾರಕ್ಕೆ ಇಳಿಯಬಹುದೆಂದು ಈ ತಟ್ಟೆಗಳ ವಿರುದ್ಧ ನಿಲುವು ತಳೆಯಿತು. ದೇವಸ್ಥಾನದ ಬ್ರಹ್ಮಕಲಶೋತ್ಸವ, ಜಾತ್ರೆ, ಮದುವೆ, ಗೃಹಪ್ರವೇಶ ಇವೇ ಗಟ್ಟಿ ಗಿರಾಕಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆ ಇಲ್ಲ, ಆಗ ಒತ್ತಿ ಇಟ್ಟದ್ದು ಓಣಂ, ಚೌತಿಗೆ ಹೋಗುತ್ತದೆ. ಉತ್ಸವ ಸಮಿತಿಯವರ ಆರ್ಡರಿಗೆ ಅರ್ಧ ಮುಂಗಡ, ಉಳಿದದ್ದು ಮಾಲು ಇಳಿಸುವಾಗ. ಕಾರ್ಯಕ್ರಮ ಕಳೆದ ಮೇಲೆ ಲೆಕ್ಕಪತ್ರ ಮಂಡನೆಯವರೆಗೆ ಕಾಯಿರಿ ಎನ್ನುತ್ತಾರೆ, ಆ ಸಭೆ ಮಳೆಗಾಲ ದಾಟಿಯೂ ಆಗಬಹುದು.